ಕಾಂತಪ್ಪ ಹೊಯ್ದ ಎಣ್ಣೆ

ಜಲಜಾಕ್ಷಿಯ ಲಾರಿ ಅಂದ ಕೂಡಲೇ ಹತ್ತು ಚಕ್ರದ ದೊಡ್ಡ ಗಾಡಿಯನ್ನು ಕಲ್ಪಿಸಿಕೊಳ್ಳಬೇಡಿ ಮಾರಾಯ್ರೇ. ಹಿಂದೆ ಒಂದಿಷ್ಟು ತರಕಾರಿ ಮೂಟೆ ಹಿಡಿಯುವ, ಮುಂದೆ ಇಬ್ಬರು ಮೊಣಕಾಲು ತಾಗಿಸಿಕೊಂಡು ಕೂರುವ ಸಣ್ಣ ಡೀಸೆಲ್ ಗಾಡಿ ಅದು. ಮದ್ರಾಸಿನವರು ಅದನ್ನು ಕುಟ್ಟಿಯಾನೆ ಅನ್ನುತ್ತಾರೆ, ಅಂದರೆ ಮರಿಯಾನೆ. ಜಲಜಾಕ್ಷಿಯ ಮನೆಯಲ್ಲಿ ಮಾತ್ರ ಅದು ಮೊದಲಿನಿಂದಲೂ ಲಾರಿಯೇ. ಗಂಡ ಕಾಂತಪ್ಪ ಅದನ್ನು ಲಾರಿ ಅಂದಿದ್ದ, ಹಾಗಾಗಿ ಅದು ಲಾರಿ. ಬೇರೆ ಯಾರಾದರೂ ಗಾಡಿ ಅಂದರೆ ಅವಳು ಈಗಲೂ ತಿದ್ದುತ್ತಾಳೆ.

ಕಾಂತಪ್ಪ ತೀರಿಕೊಂಡದ್ದು ಕಳೆದ ಆಟಿ (ಆಷಾಢ) ತಿಂಗಳಲ್ಲಿ. ಕೋಯಂಬೇಡು ಮಾರ್ಕೆಟ್ಟಿನಿಂದ ತಂದ ಬೂದುಗುಂಬಳ ಇಳಿಸಿ, ತ್ರಿಪ್ಲಿಕೇನಿನ ಭೋಜರಾಜನ ಮೆಸ್ಸಿನ ಹಿತ್ತಲಲ್ಲಿ ಗೋಣಿಯ ಮೇಲೆ ಸ್ವಲ್ಪ ಕೂರುತ್ತೇನೆ ಅಂದವನು ಮತ್ತೆ ಏಳಲಿಲ್ಲ. ಭೋಜರಾಜ ಅವರ ಊರ ಕಡೆಯವನೇ, ಪುತ್ತೂರಿನವ. ಕಾಂತಪ್ಪ ತರಕಾರಿ ತಂದು ಹಾಕುವುದು, ಜಲಜಾಕ್ಷಿ ಸಂಜೆ ಹೊತ್ತು ಅದೇ ಮೆಸ್ಸಿನಲ್ಲಿ ಗೋಳಿಬಜೆ ಕರಿಯುವುದು, ಹೀಗೆ ಗಂಡ ಹೆಂಡತಿ ಒಂದೇ ಒಲೆಯ ಋಣದಲ್ಲಿ ಮಗಳು ವೀಕ್ಷಾಳನ್ನು ಕಾಲೇಜಿನವರೆಗೆ ತಂದಿದ್ದರು. ಅವನು ಹೋದ ಮೇಲೆ ಲಾರಿ ಮಾರಿಬಿಡು ಅಂದವರು ಬಹಳ ಮಂದಿ. ಹೆಂಗಸು ಮಾರ್ಕೆಟ್ಟಿಗೆ ಲಾರಿ ಓಡಿಸುವುದುಂಟಾ ಅಂತ ಭಾವ ಊರಿನಿಂದ ಫೋನು ಮಾಡಿ ಬುದ್ಧಿ ಹೇಳಿದ. ಓಡಿಸುವವರು ಗಂಡಸೋ ಹೆಂಗಸೋ ಅಂತ ಲಾರಿಗೆ ಗೊತ್ತಾಗುತ್ತದಾ ಅಂತ ಕೇಳಿ ಜಲಜಾಕ್ಷಿ ಫೋನು ಇಟ್ಟಳು. ಹದಿಮೂರನೇ ದಿನದ ಕಾರ್ಯ ಕಳೆದ ಮೇಲೆ ತಲೆಗೊಂದು ಬಟ್ಟೆ ಕಟ್ಟಿಕೊಂಡು ನಸುಕಿಗೇ ಹೊರಟಳು.

ಓಡಿಸಲು ಕಲಿಸಿದ್ದೂ ಅವನೇ. ಶುಕ್ರವಾರ ಬಿಡುವಾದರೆ ಇಬ್ಬರೂ ಪಲ್ಲಾವರಂ ಸಂತೆಗೆ ಹೋಗುತ್ತಿದ್ದರು. ಅವನಿಗೆ ಹಳೇ ಪಾನ (ಸ್ಪ್ಯಾನರು) ಹುಡುಕುವ ಹುಚ್ಚು, ಇವಳಿಗೆ ಹೂವಿನ ಗಿಡದ ಹುಚ್ಚು. ಸಂತೆಯವರೆಲ್ಲ ಟಾರ್ಪಲು ಮಡಚಿ ಹೊರಟ ಮೇಲೆ, ಆ ಖಾಲಿ ರಸ್ತೆಯಲ್ಲಿ ಅವನು ಸ್ಟೀರಿಂಗು ಇವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ಕೂರುತ್ತಿದ್ದ. ಬೈಗುಳ ಇರಲಿಲ್ಲ, ನಗೆಯೇ ಹೆಚ್ಚು. ಗೇರು ಕಿರ್ರೆಂದಾಗ ಅವನು ತನ್ನ ಹಲ್ಲು ಕಚ್ಚಿ ತೋರಿಸುತ್ತಿದ್ದ, ಅಷ್ಟೇ.

ಇಷ್ಟೆಲ್ಲ ಕಲಿತ ಜಲಜಾಕ್ಷಿ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದು ಕೂತಳು. ಇಂಜಿನ್ನಿನ ಎಣ್ಣೆ ಬದಲಿಸಲಿಲ್ಲ. ಬದಲಿಸುವ ಹೊತ್ತು ದಾಟಿತ್ತು. ಮಾರ್ಕೆಟ್ಟಿನಲ್ಲಿ ಪಕ್ಕದ ಡ್ರೈವರುಗಳು ಹೇಳಿದರು, ಭೋಜರಾಜನಂತೂ ದಿನಾ ಹೇಳಿದ, ಎಣ್ಣೆ ಹಾಕು ಜಲಜಾ, ಇಂಜಿನ್ನು ಹಿಡಿದುಕೊಂಡರೆ ನಿನಗೂ ಗತಿಯಿಲ್ಲ ನನಗೂ ಸಾಂಬಾರಿಗೆ ತರಕಾರಿಯಿಲ್ಲ ಅಂತ. ಅವಳು ಹೂಂ ಅನ್ನುತ್ತಿದ್ದಳು, ಹೋಗುತ್ತಿದ್ದಳು. ಕೆಲಸ ಗೊತ್ತಿಲ್ಲದೆ ಅಲ್ಲ. ಕಾಂತಪ್ಪ ಯಾವತ್ತೂ ವರ್ಕ್‌ಶಾಪಿಗೆ ಕೊಟ್ಟವನಲ್ಲ, ಕೊಟ್ಟರೆ ಹೊಸ ವಾಷರ್ ಹಾಕುವುದಿಲ್ಲ ಅಂತ ಅವನಿಗೆ ಸಂಶಯ. ಮೆಸ್ಸಿನ ರಜೆಯ ದಿನ ಅವನು ಲಾರಿಯ ಅಡಿಗೆ ನುಸುಳಿದರೆ ಇವಳು ಮಣೆ ಹಾಕಿ ಕೂತು, ಅವನು ಕೈ ಚಾಚಿದಾಗ ಪಾನ ಕೊಡುವವಳು. ಯಾವುದರ ನಂತರ ಯಾವುದು ಅಂತ ಅವಳಿಗೆ ಬಾಯಿಪಾಠ. ಆದರೆ ಈಗ ಇಂಜಿನ್ನಿನ ಒಳಗೆ ತಿರುಗುತ್ತಿರುವ ಎಣ್ಣೆ ಅವನು ಹೊಯ್ದದ್ದು. ಅವನು ಉಟ್ಟ ಲುಂಗಿಯನ್ನು ಕೂಡ ಭಾವ ಊರಿಗೆ ಕೊಂಡುಹೋಗಿಯಾಗಿತ್ತು. ಉಳಿದದ್ದು ಇದೊಂದೇ, ಅದನ್ನೂ ತೆಗೆದು ಚೆಲ್ಲು ಅಂದರೆ ಎಂತ ಮಾಡುವುದು?

ಇನ್ನೊಂದು ವಿಷಯ ಉಂಟು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಲೆಗೆ ಹತ್ತುವುದಿಲ್ಲ. ಆ ಲಾರಿಗೆ ಒಂದು ಸದ್ದು ಇತ್ತು. ಇಂಜಿನ್ನು ಚೆನ್ನಾಗಿ ಬಿಸಿಯಾಗಿ, ನಿಂತಲ್ಲೇ ತಿರುಗುವಾಗ ಒಳಗಿನಿಂದ ಟಕಟಕ ಅಂತ ಒಂದು ಬಡಿತ, ಯಾರೋ ಉಗುರಿನಲ್ಲಿ ಖಾಲಿ ಕೊಡಪಾನ ಬಡಿದ ಹಾಗೆ. ಬೆಳಿಗ್ಗೆ ತರಕಾರಿ ಇಳಿಸಿ ಬಂದ ಕಾಂತಪ್ಪ ಮನೆಯ ಓಣಿಯ ಬಾಯಲ್ಲಿ ಲಾರಿ ನಿಲ್ಲಿಸಿ, ಇಂಜಿನ್ನು ತಣಿಯಲಿ ಅಂತ ಸ್ವಲ್ಪ ಹೊತ್ತು ಆರಿಸದೆ ಹಾಗೇ ಬಿಡುತ್ತಿದ್ದ. ಆ ಸದ್ದು ಮಹಡಿಯ ಮೇಲಿನ ಅಡುಗೆಮನೆಗೆ ಕೇಳಿದ ಕೂಡಲೇ ಜಲಜಾಕ್ಷಿ ಕಾವಲಿ ಇಟ್ಟು ನೀರುದೋಸೆ ಹೊಯ್ಯುತ್ತಿದ್ದಳು. ಅವನು ಮೆಟ್ಟಿಲು ಹತ್ತಿ, ಕಾಲು ತೊಳೆದು ಕೂರುವ ಹೊತ್ತಿಗೆ ತಟ್ಟೆಗೆ ಬಿಸಿ ದೋಸೆ. ನೀರುದೋಸೆ ತಣ್ಣಗಾದರೆ ತಿನ್ನಲು ಆಗುತ್ತದಾ? ಅದಕ್ಕೇ ಈ ಏರ್ಪಾಡು. ಎಷ್ಟು ವರ್ಷ ಹೋದರೂ ಅವನು ಆ ಓಣಿಯಲ್ಲಿ ಒಮ್ಮೆಯೂ ಹಾರ್ನ್ ಹೊಡೆದವನಲ್ಲ. ಹೊಡೆಯುವ ಅಗತ್ಯವೇ ಬೀಳಲಿಲ್ಲ.

ಈಗ ಓಣಿಯ ಬಾಯಲ್ಲಿ ಲಾರಿ ನಿಲ್ಲಿಸುವವಳು ಜಲಜಾಕ್ಷಿ, ಮೇಲೆ ಕಾವಲಿ ಇಡುವವಳು ವೀಕ್ಷಾ. ಸದ್ದು ಮಾತ್ರ ಅದೇ. ಲಾರಿ ನಿಲ್ಲಿಸಿದ ಮೇಲೆ ಜಲಜಾಕ್ಷಿಯೂ ಸ್ವಲ್ಪ ಹೊತ್ತು ಇಂಜಿನ್ನು ಹಾಗೇ ಬಿಟ್ಟು ಕೂರುತ್ತಿದ್ದಳು, ಕಣ್ಣು ಮುಚ್ಚಿಕೊಂಡು. ಇಂಜಿನ್ನು ತಣಿಯಲಿ ಅಂತ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ.

ಕೊನೆಗೆ ಒಂದು ದಿನ ಮೌಂಟ್ ರೋಡಿನ ಸಿಗ್ನಲ್ಲಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿ ಆರಿತು. ಗಂಡ ಹೋದ ಹಾಗೆ ಲಾರಿಯೂ ಕೂತಲ್ಲೇ ಹೋದರೆ? ಅವತ್ತು ಸಂಜೆ ತಾರಸಿಗೆ ಹೋದಳು. ಅಲ್ಲಿ ಸಾಲಾಗಿ ಎಣ್ಣೆಯ ಖಾಲಿ ಕ್ಯಾನುಗಳು. ಪ್ರತಿ ಸಲ ಎಣ್ಣೆ ಬದಲಿಸಿದ ಮೇಲೆ ಕಾಂತಪ್ಪ ಕ್ಯಾನಿನ ತಲೆ ಕತ್ತರಿಸಿ, ಸೋಪು ಹಾಕಿ ತಿಕ್ಕಿ ತೊಳೆದು, ಅವಳಿಗೆ ಮಲ್ಲಿಗೆ ಗಿಡ ನೆಟ್ಟುಕೊಡುತ್ತಿದ್ದ. ಬಸಳೆ ಹಾಕುತ್ತೇನೆ ಅಂದರೆ ಬಿಡುತ್ತಿರಲಿಲ್ಲ, ಎಣ್ಣೆಯ ಕ್ಯಾನಿನದ್ದು ಬಾಯಿಗೆ ಬೇಡ, ಮುಡಿಗೆ ಸಾಕು ಅನ್ನುತ್ತಿದ್ದ. ಬಿಸಿಲಿಗೆ ಬಿಳಿಚಿದ ಕ್ಯಾನುಗಳ ಮೇಲೆ ಎಲ್ಲ ಕಡೆ ಒಂದೇ ನಂಬರು, 15W-40. ಕೊನೆಯ ಕ್ಯಾನು ಮಾತ್ರ ತಲೆ ಕತ್ತರಿಸದೆ ಮೆಟ್ಟಿಲ ಕೆಳಗೆ ಹಾಗೇ ಬಿದ್ದಿತ್ತು. ಕತ್ತರಿಸುವುದರೊಳಗೆ ಆಟಿ ಬಂದಿತ್ತು.

ಆ ಕ್ಯಾನನ್ನೇ ಹಿಡಿದುಕೊಂಡು ಅವಳು ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯವರು ತಿರುನಲ್ವೇಲಿ ಕಡೆಯ ವಯಸ್ಸಾದವರು, ಬೀದಿಗೆಲ್ಲ ಅಣ್ಣಾಚಿ. ಕಾಂತಪ್ಪ ಎಣ್ಣೆ ತರುತ್ತಿದ್ದದ್ದು ಅಲ್ಲಿಂದಲೇ. ಇದೇ ಕೊಡಿ ಅಂದಳು. ಅಣ್ಣಾಚಿ ಕ್ಯಾನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, ಲಾರಿಗೆ ಎಷ್ಟು ವರ್ಷವಾಯಿತು, ಹೊಗೆ ಬರುತ್ತದಾ, ಬಿಸಿಯಾದಾಗ ಸದ್ದು ಬರುತ್ತದಾ ಅಂತ ಒಂದೊಂದಾಗಿ ಕೇಳಿದರು. ಬರುತ್ತದೆ ಅಂದಳು. ಹಾಗಾದರೆ ಇದು ಬೇಡಮ್ಮ ಅಂತ ಅವರು ಬೇರೆ ಕ್ಯಾನು ತೆಗೆದರು, 20W-50. ಮೊದಲನೇ ಅಂಕಿ ಚಳಿಗೆ ಸಂಬಂಧಪಟ್ಟದ್ದು, ಮದ್ರಾಸಿನಲ್ಲಿ ಚಳಿಯೆಲ್ಲಿ, ಅದನ್ನು ಬಿಡು ಅಂದರು. ಎರಡನೆಯದು ಬಿಸಿಯಾದಾಗ ಎಣ್ಣೆ ಎಷ್ಟು ದಪ್ಪ ಇರುತ್ತದೆ ಅನ್ನುವುದಕ್ಕೆ. ಸವೆದ ಇಂಜಿನ್ನಿನಲ್ಲಿ ಸಂದು ದೊಡ್ಡದಾಗಿರುತ್ತದೆ, ತೆಳು ಎಣ್ಣೆ ಅಲ್ಲಿ ನಿಲ್ಲುವುದಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ, ಅದೇ ಟಕಟಕ. ದಪ್ಪ ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆ ಅಂತ ಹೇಳಿ, ಇನ್ನೇನು ಬೇಕು ಅನ್ನುವ ಹಾಗೆ ಕ್ಯಾನನ್ನು ಅವಳ ಮುಂದೆ ತಳ್ಳಿದರು.

ಅವಳು ಮುಟ್ಟಲಿಲ್ಲ. ನಮ್ಮವರು ಯಾವಾಗಲೂ ತೆಳುವಿನದ್ದೇ ಅಲ್ಲವಾ ಹಾಕುತ್ತಿದ್ದದ್ದು ಅಂತ ಕೇಳಿದಳು.

ಅಣ್ಣಾಚಿ ಸುಮ್ಮನೆ ನಕ್ಕರು. ಕಳೆದ ಸಲ ನಾನು ಅವನಿಗೂ ಇದನ್ನೇ ಹೇಳಿದೆ, ಕೇಳಲಿಲ್ಲ ಅಂದರು. ಕಾಂತಪ್ಪ ಏನು ಹೇಳಿದ್ದ ಅನ್ನುವುದನ್ನು ಅವನ ಹಾಗೆಯೇ ಕೈ ಆಡಿಸಿ ತೋರಿಸಿದರು: "ಬೇಡ ಅಣ್ಣಾಚಿ. ಸದ್ದು ನಿಂತರೆ ನಾನು ಬಂದದ್ದು ಅವಳಿಗೆ ಗೊತ್ತಾಗುವುದಿಲ್ಲ, ನನ್ನ ದೋಸೆ ತಡವಾಗುತ್ತದೆ."

ಜಲಜಾಕ್ಷಿಗೆ ನಗು ಬಂತು, ಸಿಟ್ಟು ಬಂತು, ಎರಡೂ ಒಟ್ಟಿಗೆ. ಒಂದು ದೋಸೆಗೋಸ್ಕರ ಇಂಜಿನ್ನು ಸವೆಸುವ ಗಂಡಸು ಉಂಟಾ ಲೋಕದಲ್ಲಿ! ಬದುಕಿದ್ದರೆ ಅಲ್ಲೇ ಬೈಯುತ್ತಿದ್ದಳು. ಬೈಯಲು ಅವನಿಲ್ಲ, ಅವನು ಬೇಕಿತ್ತು. ಅವಳು ಗಂಡನ ನಂಬರಿನ ಹೊಸ ಕ್ಯಾನನ್ನೇ ತೆಗೆದುಕೊಂಡಳು, ಜೊತೆಗೆ ಫಿಲ್ಟರು, ವಾಷರು. ಅಣ್ಣಾಚಿ ಒತ್ತಾಯ ಮಾಡಲಿಲ್ಲ. ಹಳೇ ಎಣ್ಣೆ ಇಳಿಸಿದಾಗ ಬಿಸಿಲಲ್ಲಿ ಹಿಡಿದು ನೋಡು, ಮಿನುಗು ಕಂಡರೆ ಇಂಜಿನ್ನು ಸವೆಯುತ್ತಿದೆ ಅಂತ ಅರ್ಥ, ಆಗ ಹೊಸ ಕ್ಯಾನಿನ ಸೀಲು ಒಡೆಯಬೇಡ, ಬದಲಿಸಿ ಕೊಡುತ್ತೇನೆ ಅಂದರು.

ಮೆಸ್ಸಿನ ರಜೆಯ ದಿನ ಬಂತು. ಮೆಸ್ಸಿನ ಹಿಂದಿನ ಓಣಿಯಲ್ಲಿ ಸಮತಟ್ಟು ಜಾಗ ನೋಡಿ ಲಾರಿ ನಿಲ್ಲಿಸಿದಳು. ಇಂಜಿನ್ನನ್ನು ಸ್ವಲ್ಪ ಬಿಸಿ ಮಾಡಿ ಆರಿಸಿದಳು. ರಟ್ಟು ಹಾಸಿ, ಲಾರಿಯ ಸೀಟಿನ ಹಿಂದೆ ಉಳಿದುಹೋಗಿದ್ದ ಕಾಂತಪ್ಪನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಅಡಿಗೆ ನುಸುಳಿದಳು. ಕೈ ಚಾಚಿದರೆ ಪಾನ ಕೊಡುವವರಿಲ್ಲ. ತಾನೇ ತೆವಳಿ ಹೊರಗೆ ಬಂದು ತೆಗೆದುಕೊಂಡು ಹೋಗಬೇಕು. ಕೆಳಗಿನ ಬೋಲ್ಟು ಬಿಚ್ಚಿದಾಗ ಎಣ್ಣೆ ಕಪ್ಪಗೆ, ಬೆಚ್ಚಗೆ, ಹಿಡಿಕೆ ಮುರಿದ ಹಳೇ ಬೋಗುಣಿಗೆ ಇಳಿಯಿತು.

ಆ ಕಪ್ಪು ನೋಡಿ ಅವಳಿಗೆ ಒಂದು ಹಳೇ ಮಾತು ನೆನಪಾಯಿತು. ಮದುವೆಯಾದ ಹೊಸತರಲ್ಲಿ, ಎಣ್ಣೆ ಬದಲಿಸಿದ ಮರುದಿನವೇ ಅವಳು ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ್ದಳು. ಎಣ್ಣೆ ಆಗಲೇ ಕಪ್ಪು. ಬಜೆ ಕರಿಯುವವಳ ಲೆಕ್ಕ ಅವಳದ್ದು, ಒಳ್ಳೇ ಎಣ್ಣೆ ಒಂದೇ ದಿನಕ್ಕೆ ಹೀಗೆ ಕಪ್ಪಾಗುತ್ತದಾ, ನಿಮಗೆ ಯಾರೋ ಕರಿದ ಎಣ್ಣೆ ಮಾರಿದ್ದಾರೆ, ಹೋಗಿ ಜಗಳ ಮಾಡಿ ಅಂತ ಗಂಡನನ್ನು ಅಂಗಡಿಗೆ ಅಟ್ಟಿದ್ದಳು. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆ ಮರುದಿನವೇ ಕಪ್ಪಾಗುತ್ತದೆ, ಮಸಿಯನ್ನೆಲ್ಲ ತೊಳೆಯುವುದೇ ಅದರ ಕೆಲಸ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಯವರೆಗೆ ಹೋಗಿ, ಅಣ್ಣಾಚಿಯ ಜೊತೆ ಚಹಾ ಕುಡಿದು, ಜಗಳ ಮಾಡಿ ಬಂದೆ ಅಂದಿದ್ದ. ನಿಜ ಹೇಳಿದ್ದು ಎಷ್ಟೋ ಸಮಯದ ನಂತರ. ಆಮೇಲಂತೂ ಮೆಸ್ಸಿಗೆ ಯಾರು ಬಂದರೂ ಅವರಿಗೆ ಈ ಕತೆ, ನನ್ನ ಹೆಂಡತಿಗೆ ಇಂಜಿನ್ನಿನಲ್ಲೂ ಬಜೆ ಕರಿಯಬೇಕು ಅಂತ. ಆಗ ಅವಳಿಗೆ ನಾಚಿಕೆಯಾಗುತ್ತಿತ್ತು. ಈಗ ಯಾರಾದರೂ ಆ ಕತೆ ಹೇಳಬೇಕಿತ್ತು ಅನ್ನಿಸಿತು.

ಫಿಲ್ಟರು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೈಯಿಂದ ಬಿಗಿ ಮಾಡಿದರೆ ಸಾಕು, ಪಾನ ಬೇಡ ಅಂತ ಅವನೇ ಹೇಳುತ್ತಿದ್ದ. ಅವನ ಕೈ ಅಂದರೆ ತೆಂಗಿನಕಾಯಿ ಸುಲಿದು ಬೆಳೆದ ಕೈ. ಜಲಜಾಕ್ಷಿ ಗೋಣಿ ತುಂಡು ಸುತ್ತಿ ತಿರುಗಿಸಿದಳು, ಆಗಲಿಲ್ಲ. ಉಸಿರು ಕಟ್ಟಿ ಮತ್ತೆ ತಿರುಗಿಸಿದಳು. ಅದು ಕೊನೆಯದಾಗಿ ಅವನ ಕೈ ಬಿಗಿ ಮಾಡಿದ ಜಾಗ. ಬಿಡಿ ಮಾರಾಯ್ರೇ, ಸಾಕು, ಬಿಡಿ ಅಂತ ಅವಳು ಲಾರಿಯ ಅಡಿಯಲ್ಲಿ ಮಲಗಿಕೊಂಡು ಗಂಡನಿಗೇ ಹೇಳಿದಳು. ಸ್ವಲ್ಪ ಹೊತ್ತಿಗೆ ಅದು ಸಡಿಲಾಯಿತು. ಅವಳು ಅಲ್ಲೇ ಮಲಗಿ, ಎಣ್ಣೆಯ ಕೈಯನ್ನು ಮುಖಕ್ಕೆ ತಾಗದ ಹಾಗೆ ದೂರ ಹಿಡಿದುಕೊಂಡು, ಅತ್ತಳು. ಓಣಿಯಲ್ಲಿ ಹೋಗುವವರಿಗೆ ಕಂಡದ್ದು ಎರಡು ಕಾಲು ಮಾತ್ರ.

ಹೊರಗೆ ಬಂದು ಬೋಗುಣಿಯನ್ನು ಬಿಸಿಲಿಗೆ ಎಳೆದಳು. ಎಣ್ಣೆ ನೀರಿನ ಹಾಗೆ ತೆಳ್ಳಗಾಗಿತ್ತು. ಬೆರಳು ಅದ್ದಿ ಎತ್ತಿ ಹಿಡಿದಳು. ಬಂಗುಡೆ ಮೀನು ತೊಳೆದ ನೀರಿನಲ್ಲಿ ಹೊಳೆಯುವ ಹಾಗೆ ಬೆರಳ ತುಂಬ ಬೆಳ್ಳಿಯ ಸಣ್ಣ ಮಿನುಗು. ತಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ ಸದ್ದು ಇದೇ, ಇಂಜಿನ್ನು ತನ್ನನ್ನೇ ತಾನು ಅರೆದುಕೊಳ್ಳುವ ಸದ್ದು. ದಿನಾ ಬೆಳಿಗ್ಗೆ ಅದನ್ನು ಕೇಳಿ ಸಂತೋಷಪಟ್ಟದ್ದಲ್ಲವಾ ತಾನು ಅಂತ ಅವಳಿಗೆ ಅನ್ನಿಸಿತು. ಕಾಂತಪ್ಪನಿಗೆ ದೋಸೆಯ ಆಸೆ, ತನಗೆ ಕಾಂತಪ್ಪನ ಆಸೆ. ಇಬ್ಬರ ಆಸೆಯನ್ನೂ ಹೊತ್ತುಕೊಂಡು ಓಡಿದ್ದು ಮಾತ್ರ ಈ ಬಡಪಾಯಿ ಲಾರಿ.

ಅವಳು ಹಳೇ ಎಣ್ಣೆಯನ್ನು ಅವನ ಕೊನೆಯ ಕ್ಯಾನಿಗೆ ತುಂಬಿಸಿ, ಸೀಲು ಒಡೆಯದ ಹೊಸ ಕ್ಯಾನನ್ನು ಇನ್ನೊಂದು ಕೈಯಲ್ಲಿ ಹಿಡಿದು, ಖಾಕಿ ಅಂಗಿಯಲ್ಲೇ ಅಣ್ಣಾಚಿಯ ಅಂಗಡಿಗೆ ನಡೆದಳು. ದಪ್ಪದ್ದು ಕೊಡಿ ಅಂದಳು. ಅವರು ಕ್ಯಾನು ಬದಲಿಸಿ ಕೊಟ್ಟರು. ಇದು ಮದ್ದಲ್ಲ, ಇನ್ನೊಂದಿಷ್ಟು ಕಾಲ ಓಡುತ್ತದೆ ಅಷ್ಟೇ ಅಂತ ಮಾತ್ರ ಹೇಳಿದರು. ಹಳೇ ಎಣ್ಣೆ ಸುರಿಯಲು ಹಿಂದೆ ಒಂದು ಡ್ರಮ್ಮು ಇತ್ತು. ಊರಿನ ಲಾರಿ, ಆಟೋ, ವ್ಯಾನುಗಳ ಎಣ್ಣೆಯೆಲ್ಲ ಅದರಲ್ಲೇ. ಅವಳು ಕ್ಯಾನನ್ನು ನಿಧಾನಕ್ಕೆ ಬಗ್ಗಿಸಿದಳು. ಕೊನೆಯ ಹನಿ ಬೀಳುವವರೆಗೆ ಹಿಡಿದು ನಿಂತಳು. ಖಾಲಿ ಕ್ಯಾನನ್ನು ವಾಪಸು ತಂದಳು, ತೊಳೆದು ಮಲ್ಲಿಗೆ ಹಾಕಲಿಕ್ಕೆ.

ಹೊಸ ಫಿಲ್ಟರು, ಹೊಸ ವಾಷರು, ಹೊಸ ಎಣ್ಣೆ. ಎಲ್ಲ ಆದ ಮೇಲೆ ಕಡ್ಡಿ ಎಳೆದು ನೋಡಿದಳು. ಜೇನಿನ ಬಣ್ಣ. ನಾಳೆ ಕಪ್ಪಾಗುತ್ತದೆ, ಯಾರ ಹತ್ತಿರವೂ ಜಗಳಕ್ಕೆ ಹೋಗುವುದಿಲ್ಲ ಅಂತ ಜೋರಾಗಿಯೇ ಹೇಳಿದಳು.

ಮರುದಿನ ಎಂದಿನ ಹಾಗೆ ಕೋಯಂಬೇಡು, ಎಂದಿನ ಹಾಗೆ ಮೂಟೆ. ತರಕಾರಿ ಇಳಿಸಿ ಬಂದು ಓಣಿಯ ಬಾಯಲ್ಲಿ ಲಾರಿ ನಿಲ್ಲಿಸಿ, ಇಂಜಿನ್ನು ಹಾಗೇ ಬಿಟ್ಟು ಕಣ್ಣು ಮುಚ್ಚಿದಳು. ಇಂಜಿನ್ನು ಮೆತ್ತಗೆ ಗುರುಗುಟ್ಟಿತು. ಟಕಟಕ ಇರಲಿಲ್ಲ. ಕಿವಿಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದಳು, ಆಗಲೂ ಇಲ್ಲ. ಆರಿಸಿ ಮೆಟ್ಟಿಲು ಹತ್ತಿದಳು.

ಅಡುಗೆಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹಿಟ್ಟು ಮುಚ್ಚಿಟ್ಟಲ್ಲೇ ಇತ್ತು. ಕನ್ನಡಿಯ ಎದುರು ಜಡೆ ಹಾಕಿಕೊಳ್ಳುತ್ತಿದ್ದ ವೀಕ್ಷಾ ತಿರುಗಿ ನೋಡಿ ಬೆಚ್ಚಿಬಿದ್ದಳು. ಯಾವಾಗ ಬಂದೆ, ಸದ್ದೇ ಕೇಳಲಿಲ್ಲವಲ್ಲ ಅಂತ ತಮಿಳಿನಲ್ಲಿ ಕೇಳಿದಳು. ಅವಳು ಕನ್ನಡ ಕೇಳುತ್ತಾಳೆ, ಉತ್ತರ ಕೊಡುವುದು ತಮಿಳಿನಲ್ಲೇ. ಜಲಜಾಕ್ಷಿ ಎಣ್ಣೆಯ ವಿಷಯ ಹೇಳಿದಳು. ಸದ್ದು ಇನ್ನು ಬರುವುದಿಲ್ಲ ಅಂದಳು.

ಹುಡುಗಿ ಅರ್ಧ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಆಮೇಲೆ ನೆಲ ನೋಡಿಕೊಂಡು ಹೇಳಿದಳು: "ದಿನಾ ಆ ಸದ್ದು ಕೇಳಿದ ಕೂಡಲೇ ಅಪ್ಪ ಬಂದರು ಅಂತಲೇ ಕಾವಲಿ ಇಡುತ್ತಿದ್ದೆ ಅಮ್ಮಾ. ಆಮೇಲೆ ನೋಡಿದರೆ ಬಾಗಿಲಲ್ಲಿ ನೀನು."

ಜಲಜಾಕ್ಷಿ ಚೊಂಬಿನ ನೀರನ್ನು ಕೈಗೆ ಸುರಿದುಕೊಳ್ಳುತ್ತಲೇ ಇದ್ದಳು, ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಇಷ್ಟು ತಿಂಗಳು ಮಗಳು ತನ್ನ ಮುಖ ನೋಡಿ ದಿನಾ ಒಮ್ಮೆ ಅಪ್ಪನನ್ನು ಕಳೆದುಕೊಂಡಿದ್ದಾಳೆ ಅಂತ ಅವಳಿಗೆ ಆಗ ಗೊತ್ತಾಯಿತು.

"ನಾನು ಕೆಳಗೆ ಲಾರಿಯಲ್ಲಿ ಕೂತು, ಮೇಲೆ ಕಾವಲಿ ಇಡುವವಳು ನಾನೇ ಅಂದುಕೊಳ್ಳುತ್ತಿದ್ದೆ ಮಗಾ," ಅಂದಳು. "ಕೆಳಗೆ ಇರುವುದು ನಿಮ್ಮ ಅಪ್ಪ ಅಂತ."

ಇಬ್ಬರೂ ಅವತ್ತು ತಡವಾಗಿ ತಿಂಡಿ ತಿಂದರು. ವೀಕ್ಷಾ ಕಾಲೇಜಿಗೆ ತಡವಾಯಿತು ಅನ್ನಲಿಲ್ಲ. ಕಾವಲಿಯ ಎದುರು ತಾಯಿ ಹೊಯ್ದಳು, ಮಗಳು ಎಬ್ಬಿಸಿದಳು. ನಾಳೆಯಿಂದ ಹಾರ್ನ್ ಹೊಡಿ ಅಂತ ಮಗಳು ಹೇಳಿದಳು. ನಿಮ್ಮ ಅಪ್ಪ ಒಂದು ದಿನವೂ ಹೊಡೆದವರಲ್ಲ ಅಂತ ಜಲಜಾಕ್ಷಿ ಅಂದಳು. ನೀನು ಹೊಡಿ ಅಂದಳು ಮಗಳು.

ಮರುದಿನ ಓಣಿಯ ಬಾಯಲ್ಲಿ ಲಾರಿ ನಿಲ್ಲಿಸಿ ಜಲಜಾಕ್ಷಿ ಹಾರ್ನಿನ ಮೇಲೆ ಕೈ ಇಟ್ಟು ಸುಮಾರು ಹೊತ್ತು ಕೂತಳು. ಆಮೇಲೆ ಒಂದೇ ಒಂದು ಸಲ, ಗಿಡ್ಡವಾಗಿ, ತಪ್ಪು ಮಾಡಿದವಳ ಹಾಗೆ ಒತ್ತಿದಳು. ತಾರಸಿಯ ಅಂಚಿನಲ್ಲಿ ಮಲ್ಲಿಗೆಯ ಕ್ಯಾನುಗಳ ನಡುವೆ ವೀಕ್ಷಾಳ ತಲೆ ಕಂಡಿತು, ಕೈಯಲ್ಲಿ ಸೌಟು. ಓಣಿಯಲ್ಲಿ ಅವಳು ಹುಡುಕುತ್ತಿದ್ದದ್ದು ಅಮ್ಮನನ್ನೇ. ಕಂಡಳು, ಸೌಟು ಆಡಿಸಿದಳು, ಒಳಗೆ ಓಡಿದಳು.

ಜಲಜಾಕ್ಷಿ ಕೀಯ ಮೇಲೆ ಬೆರಳು ಇಟ್ಟುಕೊಂಡು ಒಂದು ಗಳಿಗೆ ಕಿವಿಗೊಟ್ಟಳು. ಇಂಜಿನ್ನು ತನ್ನಷ್ಟಕ್ಕೆ ತಿರುಗುತ್ತಿತ್ತು, ಆ ಸದ್ದಿನಲ್ಲಿ ಯಾರೂ ಬರುತ್ತಿರಲಿಲ್ಲ. ಆರಿಸಿ ಇಳಿದು ಮೆಟ್ಟಿಲು ಹತ್ತಿದಳು. ತಡ ಮಾಡಿದರೆ ದೋಸೆ ತಣ್ಣಗಾಗುತ್ತಿತ್ತು.